ನಮ್ಮ ತೋಳಿಗೆ ಸೂಜಿ ಚುಚ್ಚುವ ಮೊದಲು: ಮಂಗನ ಕಾಯಿಲೆಯ ವಿಜ್ಞಾನಿಗಳಿಗೂ ಅಧಿಕಾರಿಗಳಿಗೂ ಒಂದು ಬಹಿರಂಗ ಪತ್ರ

ಮಂಗನ ಕಾಯಿಲೆಗೆ ಹೊಸ ಲಸಿಕೆ ಸಿದ್ಧಪಡಿಸುತ್ತಿರುವ ವಿಜ್ಞಾನಿಗಳಿಗೆ, ನಾಳೆ ಅದನ್ನು ಮಲೆನಾಡಿನ ಊರೂರಿಗೆ ತರಲಿರುವ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಸಾಗರ ತಾಲ್ಲೂಕಿನವನು. ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತನಾಗಿದ್ದೇನೆ. ಸ್ವಲ್ಪ ಅಡಿಕೆ ತೋಟವಿದೆ, ತೋಟದ ಮೇಲುಗಡೆ ಸೊಪ್ಪಿನ ಬೆಟ್ಟವಿದೆ. ಆ ಬೆಟ್ಟದಿಂದ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರಲು ನಮ್ಮಲ್ಲಿಗೆ ಬರುವ ಒಬ್ಬ ಹೆಂಗಸಿನ ಸಂಗತಿ ಹೇಳಿ ಈ ಪತ್ರ ಶುರು ಮಾಡುತ್ತೇನೆ. ಆಕೆಯ ಹೆಸರು ಇಲ್ಲಿ ಬೇಡ.

ಕೆಲವು ವರ್ಷಗಳ ಹಿಂದೆ, ಸಂಕ್ರಾಂತಿ ಕಳೆದ ಮೇಲೆ, ಆಕೆ ಅಂಗಳದಲ್ಲಿ ನಿಂತು ಹೇಳಿದಳು: 'ಮೇಷ್ಟ್ರೇ, ಬೆಟ್ಟದ ತುದೀಲಿ ಮುಸಿಯ ಸತ್ತು ಬಿದ್ದಾವೆ. ಒಂದಲ್ಲ, ಎರಡು.' ಮುಸಿಯ ಎಂದರೆ ಕಪ್ಪು ಮೋರೆಯ ಮಂಗ. ಊರಿಗೆ ಬಂದಿದ್ದ ಸಿಬ್ಬಂದಿಯೊಬ್ಬರಿಗೂ ಅದನ್ನೇ ಹೇಳಿದ್ದಳು. ಫೋಟೋ ಇದೆಯಾ, ಯಾವ ಸರ್ವೆ ನಂಬರು, ಯಾವತ್ತು ಸತ್ತದ್ದು ಎಂದು ಅವರು ಕೇಳಿದರಂತೆ. ಆಕೆಯ ಹತ್ತಿರ ಫೋನಿರಲಿಲ್ಲ, ಸರ್ವೆ ನಂಬರು ಗೊತ್ತಿರಲಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು. ನಾನೂ 'ಹೌದಾ' ಎಂದು ಕೇಳಿಸಿಕೊಂಡು ತೋಟಕ್ಕೆ ಇಳಿದೆ. ಇಪ್ಪತ್ತೈದು ವರ್ಷ ಮಕ್ಕಳಿಗೆ 'ಕಣ್ಣಿಟ್ಟು ನೋಡಿ, ನೋಡಿದ್ದನ್ನು ಬರೆದಿಡಿ' ಎಂದು ಪಾಠ ಹೇಳಿದವನು ನಾನು. ಆ ದಿನ ನೆನಪಾದಾಗಲೆಲ್ಲ ಸಂಕಟವಾಗುತ್ತದೆ.

ಎರಡು ವಾರದೊಳಗೆ ಆಕೆಯ ಸೊಸೆಗೆ ಜ್ವರ ಬಂತು. ತಲೆ ಎತ್ತಲಾಗದ ನೋವು, ಮೈಕೈ ಸೆಳೆತ, ವಾಂತಿ, ಆಮೇಲೆ ಒಸಡಿನಲ್ಲಿ ರಕ್ತ. ಹುಡುಗಿ ಬದುಕಿ ಬಂದಳು, ಆದರೆ ಮೊದಲಿನ ಹಾಗೆ ಹೊರೆ ಹೊರಲು ವರ್ಷವೇ ಹಿಡಿಯಿತು. ಆಸ್ಪತ್ರೆಯಿಂದ ಬಂದ ಮೇಲೆ ಯಾರೋ ಒಂದು ಫಾರಂ ಹಿಡಿದು ಮನೆಗೆ ಬಂದರು. 'ಆಸುಪಾಸಿನಲ್ಲಿ ಮಂಗ ಸತ್ತದ್ದು ನೋಡಿದ್ದೀರಾ?' ಎಂಬ ಪ್ರಶ್ನೆ ಅದರಲ್ಲಿತ್ತು. 'ನಾ ಆಗ್ಲೇ ಹೇಳಿದ್ನಲ್ಲ' ಎಂದಳು ಆಕೆ. ಹೌದು ಅಥವಾ ಇಲ್ಲ ಎಂದು ಗುರುತು ಹಾಕಲು ಫಾರಂನಲ್ಲಿ ಜಾಗವಿತ್ತು. ಆಗಲೇ ಹೇಳಿದ್ದೆ ಎಂಬುದನ್ನು ಬರೆಯಲು ಜಾಗವಿರಲಿಲ್ಲ.

ನಾನು ನಿಮಗೆ ಬರೆಯುತ್ತಿರುವುದು ಆ ಇಲ್ಲದ ಜಾಗದ ಬಗ್ಗೆ.

ಈ ಕಾಯಿಲೆಯ ಚರಿತ್ರೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಭಾರತಕ್ಕೆ ಹಳದಿ ಜ್ವರ ಬಂದೇಬಿಟ್ಟಿತೇ ಎಂದು ಆಗ ಗಾಬರಿಯಾಗಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಸತ್ತ ಮಂಗದ ದೇಹದಿಂದ ಹೊಸ ವೈರಸ್ಸನ್ನು ಬೇರ್ಪಡಿಸಿದರು. ಅದು ರಷ್ಯಾದ ಕಡೆಯ ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ್ದೆಂದೂ, ಉಣುಗು ಎಂಬ ರಕ್ತ ಹೀರುವ ಸಣ್ಣ ಹುಳು ಅದನ್ನು ಹರಡುತ್ತದೆಂದೂ ತಿಳಿಯಿತು. ಅದು ದೊಡ್ಡ ಕೆಲಸ, ಆ ವಿಜ್ಞಾನಿಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಮಂಗ ಸಾಯುವುದಕ್ಕೂ ಮನುಷ್ಯನಿಗೆ ಜ್ವರ ಬರುವುದಕ್ಕೂ ಸಂಬಂಧವಿದೆ ಎಂಬ ಮೊದಲ ಎಳೆ ಎಲ್ಲಿಂದ ಬಂತು? ಕಾಡಿಗೆ ಹೋಗಿ ಬರುತ್ತಿದ್ದವರ ಬಾಯಿಂದ. ಜನ ಇಟ್ಟ 'ಮಂಗನ ಕಾಯಿಲೆ' ಎಂಬ ಹೆಸರಿನಲ್ಲೇ ಆ ಎಳೆ ಉಳಿದಿದೆ. ವಿಜ್ಞಾನ ಇಟ್ಟ 'ಕ್ಯಾಸನೂರು ಫಾರೆಸ್ಟ್ ಡಿಸೀಸ್' ಎಂಬ ಹೆಸರಿನಲ್ಲಿ ಇರುವುದು ಒಂದು ಊರು. ರೋಗಗಳಿಗೆ ಊರಿನ ಹೆಸರು ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಅಷ್ಟು ಹೊತ್ತಿಗೆ ಕ್ಯಾಸನೂರಿನವರು ಆ ಹೆಸರನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹೊತ್ತಾಗಿತ್ತು.

ಜನರಿಟ್ಟ ಹೆಸರಿನಲ್ಲೂ ತಪ್ಪಿದೆ, ಒಪ್ಪುತ್ತೇನೆ. ಮಂಗವೂ ನಮ್ಮ ಹಾಗೆಯೇ ರೋಗಕ್ಕೆ ತುತ್ತಾದ ಜೀವಿ. ಹೆಸರು ಕೇಳಿ ಮಂಗವನ್ನೇ ವೈರಿ ಮಾಡಿಕೊಂಡವರಿದ್ದಾರೆ. ಹಳ್ಳಿಯವರು ಹೇಳಿದ್ದೆಲ್ಲ ಸತ್ಯ ಎಂದು ನಾನು ವಾದಿಸುತ್ತಿಲ್ಲ. ಕಂಡವರು ಹೇಳಿದ್ದನ್ನು ಸಾಕ್ಷ್ಯವೆಂದು ಬರೆದುಕೊಳ್ಳಿ, ಪರೀಕ್ಷಿಸಿ, ಆಮೇಲೆ ಬೇಕಾದರೆ ತಳ್ಳಿಹಾಕಿ. ಹೇಳಿದವರು ಯಾರೆಂದು ನೋಡಿ ಮೊದಲೇ ತಳ್ಳಬೇಡಿ. ನನ್ನ ಮಾತು ಇಷ್ಟೇ.

ಇದು ನಮಗೆ ಹೊರಗಿನಿಂದ ಬಂದ ಯೋಚನೆಯೇನಲ್ಲ. ನಮ್ಮ ನ್ಯಾಯದರ್ಶನದವರು, ಅಂದರೆ ಹಳೆಯ ತರ್ಕಶಾಸ್ತ್ರದವರು, ಜ್ಞಾನದ ಮೂಲಗಳನ್ನು ಎಣಿಸುವಾಗ ಪ್ರತ್ಯಕ್ಷ, ಅನುಮಾನ (ತರ್ಕದಿಂದ ಊಹಿಸುವುದು), ಉಪಮಾನ (ಹೋಲಿಕೆ) ಇವುಗಳ ಜೊತೆಗೆ ಶಬ್ದವನ್ನೂ, ಅಂದರೆ ಆಪ್ತನ ಮಾತನ್ನೂ ಇಟ್ಟರು. ಆಪ್ತ ಎಂದರೆ ಯಾರು? ನ್ಯಾಯಸೂತ್ರದ ಭಾಷ್ಯದಲ್ಲಿ ವಾತ್ಸ್ಯಾಯನ ಅದನ್ನು ವಿವರಿಸುತ್ತಾನೆ: ವಸ್ತುವನ್ನು ಸ್ವತಃ ಕಂಡವನು, ಕಂಡದ್ದನ್ನು ಕಂಡ ಹಾಗೆ ತಿಳಿಸಬೇಕೆಂಬ ಬಯಕೆಯಿಂದ ಹೇಳುವವನು. ಇಷ್ಟು ಹೇಳಿ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎನ್ನುತ್ತಾನೆ. ಮೊದಲ ಸಲ ಈ ಸಾಲು ಓದಿದ ದಿನ ನನಗೆ ಆ ಹೆಂಗಸಿನ ನೆನಪಾಯಿತು. ಬೆಟ್ಟದ ತುದಿಯಲ್ಲಿ ಸತ್ತ ಮುಸಿಯವನ್ನು ಆಕೆ ಕಣ್ಣಾರೆ ಕಂಡಿದ್ದಳು. ಕಂಡ ಹಾಗೇ ಹೇಳಿದಳು. ಇನ್ನೊಬ್ಬರಿಗೆ ಒಳಿತಾಗಲಿ ಎಂಬುದನ್ನು ಬಿಟ್ಟರೆ ಆ ಮಾತಿನಿಂದ ಆಕೆಗೆ ಬೇರೆ ಲಾಭವಿರಲಿಲ್ಲ. ಭಾಷ್ಯಕಾರನ ಲೆಕ್ಕದಲ್ಲಿ ಆಕೆ ಆಪ್ತಳು. ನಮ್ಮ ಸಮಾಜ ಆ ಭಾಷ್ಯವನ್ನು ಓದಿತು, ಹಾಗೆ ಬದುಕಲಿಲ್ಲ. ಯಾರ ಕಣ್ಣು ನೋಡಿದ್ದನ್ನು ನಂಬಬೇಕು ಎಂಬುದನ್ನು ಜಾತಿ, ಲಿಂಗ, ಅಕ್ಷರ, ಜೇಬು ನೋಡಿಯೇ ನಿರ್ಧರಿಸುತ್ತ ಬಂದೆವು. ಕಚೇರಿಗಳು ಅದನ್ನೇ ಫಾರಂ ಮಾಡಿಕೊಂಡವು. ಬ್ರಿಟನ್ನಿನ ತತ್ವಜ್ಞಾನಿ ಮಿರಾಂಡಾ ಫ್ರಿಕರ್ 2007ರಲ್ಲಿ ಇದನ್ನು ಜ್ಞಾನದ ನೆಲೆಯಲ್ಲಿ ನಡೆಯುವ ಅನ್ಯಾಯವೆಂದು ಗುರುತಿಸಿದರು: ಕೇಳುವವರ ಪೂರ್ವಗ್ರಹದಿಂದಾಗಿ ಹೇಳುವವರ ಮಾತಿಗೆ ಸಲ್ಲಬೇಕಾದಷ್ಟು ಬೆಲೆ ಸಲ್ಲದಿರುವುದು. ಹೆಸರು ಹೊಸದು, ನೋವು ಹಳೆಯದು.

ಇನ್ನು ಲಸಿಕೆಯ ವಿಷಯ. ನಿಮಗೆ ಬರೆಯಲು ನನ್ನನ್ನು ಕೂರಿಸಿದ್ದು ಅದೇ.

ನಮಗೆ ಲಸಿಕೆ ಹೊಸದಲ್ಲ. ರೋಗ ಪತ್ತೆಯಾದ ಹೊಸತರಲ್ಲೇ ರಷ್ಯಾದ ಮೆದುಳು ಜ್ವರದ ಲಸಿಕೆಯನ್ನು ಇಲ್ಲಿ ಕೊಟ್ಟು ನೋಡಿದರು, ಅದು ಕೆಲಸ ಮಾಡಲಿಲ್ಲ. ಆಮೇಲೆ ನಮ್ಮದೇ ವೈರಸ್ಸನ್ನು ಫಾರ್ಮಲಿನ್‌ನಲ್ಲಿ ನಿಷ್ಕ್ರಿಯಗೊಳಿಸಿ ಲಸಿಕೆ ಮಾಡಿದರು. 1990ರಿಂದ 92ರವರೆಗೆ ಹಳ್ಳಿಗಳಲ್ಲಿ ನಡೆಸಿದ ಪ್ರಯೋಗದಲ್ಲಿ ಒಂದು ಡೋಸಿಗೆ ಶೇ. 79.3, ಎರಡು ಡೋಸಿಗೆ ಶೇ. 93.5 ರಕ್ಷಣೆ ಕಂಡಿತ್ತು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಮುಂದೆ ವರ್ಷ ವರ್ಷವೂ ಒಂದೊಂದು. ಹಾಕಿಸಿಕೊಂಡವರಿಗೆ ಗೊತ್ತು, ಆ ಚುಚ್ಚುಮದ್ದು ಬಹಳ ನೋಯುತ್ತಿತ್ತು. ತೋಳು ಊದಿ ಎರಡು ದಿನ ಕತ್ತಿ ಹಿಡಿಯಲಾಗುತ್ತಿರಲಿಲ್ಲ. ದಿನಗೂಲಿಯವರಿಗೆ ಎರಡು ದಿನ ಎಂದರೆ ಎರಡು ದಿನದ ಅಕ್ಕಿ. ಮೊದಲ ಡೋಸಿಗೆ ಬಂದವರು ಎರಡನೆಯದಕ್ಕೆ ಬರುತ್ತಿರಲಿಲ್ಲ. 'ಲಸಿಕೆ ಹಾಕಿಸಿಕೊಂಡವರಿಗೂ ಬಂತಲ್ಲ ಮೇಷ್ಟ್ರೇ' ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಆಗ ನಾನು ಅವರಿಗೆ ಬುದ್ಧಿ ಹೇಳುತ್ತಿದ್ದೆ. ಸಭೆಗಳಲ್ಲಿ, ಪತ್ರಿಕೆಗಳಲ್ಲಿ 'ಜನರಲ್ಲಿ ಅರಿವಿನ ಕೊರತೆ' ಎಂಬ ಮಾತು ಮತ್ತೆ ಮತ್ತೆ ಬರುತ್ತಿತ್ತು.

2013ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 2005ರಿಂದ 2010ರವರೆಗಿನ ಅಂಕಿಅಂಶ ಇಟ್ಟುಕೊಂಡು ಮಾಡಿದ್ದು. ಒಂದು ಡೋಸಿನಿಂದ ರಕ್ಷಣೆಯಿಲ್ಲ, ಎರಡು ಡೋಸಿಗೆ ಶೇ. 62.4, ಬೂಸ್ಟರ್ ಪಡೆದವರಿಗೆ ಶೇ. 82.9 ಎಂದು ಅದರಲ್ಲಿತ್ತು. ಅದು ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದಾದ ಲೇಖನ, ಆದರೆ ಇಂಗ್ಲಿಷಿನಲ್ಲಿ. ಕೊನೆಗೆ 2022ರಲ್ಲಿ, ಪರಿಣಾಮ ಸಾಲದು ಎಂದು ಆ ಲಸಿಕೆಯನ್ನೇ ನಿಲ್ಲಿಸಲಾಯಿತು.

ಮಧ್ಯದ ಒಂಬತ್ತು ವರ್ಷ ಲಸಿಕೆ ಕೊಟ್ಟದ್ದೇ ತಪ್ಪು ಎಂದು ನಾನು ಹೇಳಲಾರೆ. ಬೇರೇನೂ ಇಲ್ಲದಾಗ ಶೇ. 62 ಸಣ್ಣದಲ್ಲ. ಮೂರೂ ಡೋಸ್ ಪಡೆದ ಎಷ್ಟೋ ಜನರನ್ನು ಅದು ಉಳಿಸಿರಬಹುದು. ನನ್ನ ದೂರು ಬೇರೆ. ಒಂದೇ ಡೋಸ್ ಹಾಕಿಸಿಕೊಂಡು 'ನನಗೆ ಲಸಿಕೆ ಆಗಿದೆ' ಎಂದು ಧೈರ್ಯವಾಗಿ ಬೆಟ್ಟ ಹತ್ತಿದವನಿಗೆ, ನಿನಗೆ ರಕ್ಷಣೆಯಿಲ್ಲ ಎಂಬುದನ್ನು ನಮ್ಮ ಊರಲ್ಲಿ ಯಾರೂ ಅಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನಾನು ಕೇಳಲಿಲ್ಲ. ಹಾಗೆ ಹೇಳಿದ್ದರೆ ಅವನು ಎರಡನೆಯ ಡೋಸಿಗೆ ಓಡಿ ಬರುತ್ತಿದ್ದನೋ ಏನೋ. ಇನ್ನೊಂದು ಕಡೆ, ಲಸಿಕೆ ಪಡೆದವರಿಗೂ ಬರುತ್ತಿದೆ ಎಂದು ಜನ ಹೇಳಿದ್ದು ಅರಿವಿನ ಕೊರತೆಯಾಗಿರಲಿಲ್ಲ, ಅದೇ ಅರಿವು. ತಮ್ಮ ಓಣಿಯಲ್ಲಿ ಕಂಡದ್ದನ್ನು ಅವರು ಹೇಳುತ್ತಿದ್ದರು. ವಿಜ್ಞಾನಿಗಳು ಸಾವಿರಾರು ಜನರ ಲೆಕ್ಕ ತೆಗೆದು ಕಂಡುಕೊಂಡದ್ದರ ಒಂದು ತುಣುಕು ಅವರ ಕೈಯಲ್ಲಿತ್ತು. ಎರಡು ತುಣುಕುಗಳೂ ಒಂದೇ ಮೇಜಿನ ಮೇಲೆ ಸೇರಲಿಲ್ಲ. ಒಂದಕ್ಕೆ ಸಂಶೋಧನೆ ಎಂದು ಹೆಸರಾಯಿತು, ಇನ್ನೊಂದಕ್ಕೆ ಮೂಢತನ ಎಂದು. ಆ ಹೆಸರಿಟ್ಟವರಲ್ಲಿ ನಾನೂ ಒಬ್ಬ.

ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆಯದೂ ಇದೇ ಕತೆ. ಮೊದಲು ಡಿಎಂಪಿ ಎಣ್ಣೆ ಕೊಡುತ್ತಿದ್ದರು, ಈಗ ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದವರು ರೂಪಿಸಿದ ಡೇಪಾ ಎಣ್ಣೆ ಬಂದಿದೆ. ಒಳ್ಳೆಯ ಎಣ್ಣೆಯೇ. ಆದರೆ ಬಿಸಿಲಲ್ಲಿ ದರಕಿನ ಹೊರೆ ಹೊತ್ತು ಬೆವರು ಸುರಿಸುವ ಮೈಮೇಲೆ ಅದು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನಮ್ಮೂರಿನ ಆಳುಗಳನ್ನು ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಆರೋಗ್ಯಕ್ಕೂ ಮಾನವ ಹಕ್ಕಿಗೂ ಏನು ನಂಟು ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ. ಡಾಕ್ಟರು, ಔಷಧಿ, ಹಾಸಿಗೆ ಸಿಗಬೇಕು ಎಂಬುದೇ ಹಕ್ಕಲ್ಲವೇ ಎಂದ. ಅದು ಹಕ್ಕೇ. ನಮ್ಮ ಸುಪ್ರೀಂ ಕೋರ್ಟು 1996ರಲ್ಲಿ, ರೈಲಿನಿಂದ ಬಿದ್ದು ಗಾಯಗೊಂಡ ಬಂಗಾಳದ ಕೃಷಿ ಕಾರ್ಮಿಕನೊಬ್ಬನನ್ನು ಒಂದರ ಮೇಲೊಂದು ಸರ್ಕಾರಿ ಆಸ್ಪತ್ರೆ ಹಾಸಿಗೆಯಿಲ್ಲವೆಂದು ವಾಪಸ್ ಕಳಿಸಿದ ಮೊಕದ್ದಮೆಯಲ್ಲಿ, ತುರ್ತು ಚಿಕಿತ್ಸೆ ಕೊಡದಿರುವುದು 21ನೇ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ಹೇಳಿದೆ. ಆದರೆ ನಂಟು ಅಲ್ಲಿಗೆ ಮುಗಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಏಡ್ಸ್ ಕಾರ್ಯಕ್ರಮವನ್ನು ಕಟ್ಟಿದ ಡಾಕ್ಟರ್ ಜೊನಾಥನ್ ಮ್ಯಾನ್ 1990ರ ದಶಕದಲ್ಲಿ ಮೂರು ಎಳೆ ತೋರಿಸಿದರು. ಆರೋಗ್ಯದ ಹೆಸರಿನ ಕ್ರಮಗಳು ಹಕ್ಕನ್ನು ತುಳಿಯಬಹುದು. ಹಕ್ಕನ್ನು ತುಳಿದಲ್ಲಿ ಆರೋಗ್ಯ ಕೆಡುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಬೆಳೆಸಲಾಗದು. ಏಡ್ಸ್ ರೋಗಿಗಳನ್ನು ಅಪರಾಧಿಗಳ ಹಾಗೆ ಕಂಡಲ್ಲಿ ಅವರು ಪರೀಕ್ಷೆಗೇ ಬರುವುದಿಲ್ಲ, ರೋಗ ಇನ್ನಷ್ಟು ಹರಡುತ್ತದೆ ಎಂಬುದನ್ನು ಅವರು ಹತ್ತಿರದಿಂದ ನೋಡಿದ್ದರು.

ಆ ಮೂರು ಎಳೆಗಳನ್ನು ಹೆಣೆಯುವ ದಾರ ತಿಳಿವಳಿಕೆ ಎಂದು ನನಗನ್ನಿಸುತ್ತದೆ. ಯಾರಿಗೆ ಏನು ಗೊತ್ತು, ಯಾರು ಹೇಳಿದ್ದು ಗೊತ್ತು ಎನಿಸಿಕೊಳ್ಳುತ್ತದೆ, ಗೊತ್ತಾದದ್ದು ಯಾರವರೆಗೆ ತಲುಪುತ್ತದೆ. ಭಾರತ 1979ರಲ್ಲಿ ಒಪ್ಪಿಕೊಂಡ ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 12ನೇ ವಿಧಿ ಆರೋಗ್ಯದ ಹಕ್ಕನ್ನು ಹೇಳಿದರೆ, 15ನೇ ವಿಧಿ ವಿಜ್ಞಾನದ ಪ್ರಗತಿಯ ಫಲವನ್ನು ಪಡೆಯುವ ಹಕ್ಕನ್ನು ಹೇಳುತ್ತದೆ. 2000ದಲ್ಲಿ ವಿಶ್ವಸಂಸ್ಥೆಯ ಸಮಿತಿ 12ನೇ ವಿಧಿಯನ್ನು ವಿವರಿಸುವಾಗ, ಆರೋಗ್ಯದ ಮಾಹಿತಿ ಕೇಳುವ ಮತ್ತು ಪಡೆಯುವ ಹಕ್ಕನ್ನೂ, ಆರೋಗ್ಯದ ತೀರ್ಮಾನಗಳಲ್ಲಿ ಜನ ಪಾಲ್ಗೊಳ್ಳುವುದನ್ನೂ ಅದರೊಳಗೇ ಸೇರಿಸಿತು. ಹಾಗಾಗಿ ನನ್ನ ರಕ್ತದಲ್ಲಿ ಏನು ಕಂಡಿತು ಎಂದು ನನಗೆ ಹೇಳುವುದು ನಿಮ್ಮ ಸೌಜನ್ಯವಲ್ಲ, ಅದು ನನಗೆ ಸಲ್ಲಬೇಕಾದದ್ದು. ಕಂಡದ್ದನ್ನು ಹೇಳಲು ಬಂದವಳ ಮಾತು ಕೇಳುವುದೂ ಹಾಗೆಯೇ.

ಸಾಗರದ ಹತ್ತಿರವೇ ಇರುವ ಹಂದಿಗೋಡಿನ ಹೆಸರು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬಾರದು. 1970ರ ದಶಕದ ಮಧ್ಯದಲ್ಲಿ ಅಲ್ಲಿ, ಹೆಚ್ಚಾಗಿ ದಲಿತ ಕುಟುಂಬಗಳಲ್ಲಿ, ಸೊಂಟ ಮತ್ತು ಮಂಡಿಯ ಕೀಲುಗಳು ಸವೆದು ಮನುಷ್ಯರು ಕುಗ್ಗಿಹೋಗುವ ರೋಗ ಬೆಳಕಿಗೆ ಬಂತು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೂಲಕ ಹೊಟ್ಟೆ ಸೇರಿದ್ದೇ ಕಾರಣ ಎಂಬ ಶಂಕೆ ಮೊದಲು ಎದ್ದಿತು. ಆಮೇಲೆ ಬಂದ ಸಂಶೋಧಕರು ಅದನ್ನು ವಂಶವಾಹಿ ರೋಗ ಎಂದರು. ಯಾವುದು ಎಷ್ಟು ಸರಿ ಎಂದು ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ಆದರೆ 'ವಿಷದಿಂದ ಬಂತು' ಎಂದರೆ ಯಾರೋ ಉತ್ತರ ಕೊಡಬೇಕಾಗುತ್ತದೆ, 'ನಿಮ್ಮ ರಕ್ತದಲ್ಲೇ ಇದೆ' ಎಂದರೆ ಆ ಮನೆಯ ಹುಡುಗಿಯ ಮದುವೆ ನಿಲ್ಲುತ್ತದೆ. ಪ್ರಯೋಗಾಲಯದಲ್ಲಿ ಅದು ಒಂದು ಸಿದ್ಧಾಂತದ ಬದಲು ಇನ್ನೊಂದು ಸಿದ್ಧಾಂತ. ಹಂದಿಗೋಡಿನ ಕೇರಿಯಲ್ಲಿ ಅದು ಬದುಕು. ಕಾರಣ ಯಾವುದೇ ಇರಲಿ, ಅದನ್ನು ಆ ಜನರ ಎದುರು ಕೂತು, ಅವರ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಹೇಳಬೇಕಾದ ಋಣ ರಕ್ತ ತೆಗೆದುಕೊಂಡು ಹೋದವರ ಮೇಲಿದೆ.

ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮುಂದಾಳತ್ವದಲ್ಲಿ ಮಂಗನ ಕಾಯಿಲೆಗೆ ಹೊಸ ಲಸಿಕೆಯ ಕೆಲಸ ನಡೆದಿದೆ. ನಾವು ಅದಕ್ಕಾಗಿ ಕಾಯುತ್ತಿದ್ದೇವೆ. 2018–19ರಲ್ಲಿ ಈ ಕಾಯಿಲೆ ಹಬ್ಬಿದಾಗ ಅರಳಗೋಡು ಅನುಭವಿಸಿದ್ದನ್ನು ಕಂಡವರು ಯಾರೂ ಲಸಿಕೆ ಬೇಡ ಎನ್ನಲಾರರು. ಶರಾವತಿ ಕಣಿವೆಯ ಆ ಪುಟ್ಟ ಪಂಚಾಯ್ತಿಯಲ್ಲಿ ಮನೆ ಮನೆಯಲ್ಲೂ ಭಯವಿತ್ತು, ಊರು ಬಿಟ್ಟು ನೆಂಟರ ಮನೆ ಸೇರಿದವರಿದ್ದರು. ಲಸಿಕೆ ಬರಲಿ, ಬೇಗ ಬರಲಿ. ಬರುವ ರೀತಿಯ ಬಗ್ಗೆ ಮಾತ್ರ ನನ್ನ ಕೋರಿಕೆ.

ಮನುಷ್ಯರ ಮೇಲಿನ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯಲ್ಲಿ ವೈದ್ಯರ ಜೊತೆಗೆ ಕಾನೂನು ತಿಳಿದವರೂ ಒಬ್ಬ ಸಾಮಾನ್ಯ ವ್ಯಕ್ತಿಯೂ ಇರಬೇಕು ಎಂದು 2019ರ ಔಷಧ ಪ್ರಯೋಗ ನಿಯಮಗಳು ಹೇಳುತ್ತವೆ. ಆ ಸಾಮಾನ್ಯ ವ್ಯಕ್ತಿ ನಗರದ ನಿವೃತ್ತ ಅಧಿಕಾರಿಯೇ ಆಗಬೇಕೆಂದಿಲ್ಲ. ದರಕು ಗುಡಿಸುವವರು, ಅಡಿಕೆ ಕೊನೆ ತೆಗೆಯುವವರು, ದನ ಮೇಯಿಸುವವರಲ್ಲಿ ಒಬ್ಬರನ್ನು ಅಲ್ಲಿ ಕೂರಿಸಿ. ಸಹಿ ಹಾಕಿಸುವ ಒಪ್ಪಿಗೆ ಪತ್ರ ಕನ್ನಡದಲ್ಲಿದ್ದರೆ ಸಾಲದು, ನಮ್ಮ ಕನ್ನಡದಲ್ಲಿರಬೇಕು. 'ಪ್ರತಿಕೂಲ ಪರಿಣಾಮ' ಎಂದರೆ ದರಕು ಗುಡಿಸುವ ಆ ಹೆಂಗಸಿಗೆ ಗೊತ್ತಾಗುವುದಿಲ್ಲ. 'ತೋಳು ಊದಬಹುದು, ಎರಡು ದಿನ ಕೆಲಸ ಆಗದಿರಬಹುದು, ಆ ಎರಡು ದಿನದ ಕೂಲಿ ಹೀಗೆ ತುಂಬಿಕೊಡುತ್ತೇವೆ' ಎಂದು ಬರೆಯಿರಿ. ಎಷ್ಟು ಡೋಸಿಗೆ ಎಷ್ಟು ರಕ್ಷಣೆ, ಎಷ್ಟು ಕಾಲ ಎಂಬುದನ್ನು ಗೊತ್ತಾದ ಹಾಗೆಲ್ಲ ಗ್ರಾಮ ಪಂಚಾಯ್ತಿಯ ಗೋಡೆಗೆ ಹಚ್ಚಿ. ಅಂಕಿ ಇಳಿದರೆ ಇಳಿದದ್ದನ್ನೇ ಹಚ್ಚಿ. ನಿಜ ಹೇಳಿದರೆ ಜನ ಲಸಿಕೆಗೆ ಬರುವುದಿಲ್ಲ ಎಂಬ ಹೆದರಿಕೆ ನಿಮಗಿರಬಹುದು. ಹೇಳದೆ ಇದ್ದಾಗಲೂ ಬರಲಿಲ್ಲವಲ್ಲ.

ರಕ್ತದ ವರದಿಯನ್ನು ರಕ್ತ ಕೊಟ್ಟವರ ಕೈಗೇ ಕೊಡಿ. ಮಾದರಿ ತೆಗೆಯುವ ಮೊದಲೇ ಜ್ವರದಲ್ಲಿ ತೀರಿಕೊಂಡವರ ಮನೆಯವರು ಹೇಳುವುದನ್ನು ಬರೆದುಕೊಳ್ಳಲು ಒಂದು ದಾರಿ ಮಾಡಿ, ಏಕೆಂದರೆ ಪ್ರಯೋಗಾಲಯದ ಕಾಗದ ಇಲ್ಲದ ಸಾವು ಲೆಕ್ಕದಲ್ಲಿಯೂ ಇರುವುದಿಲ್ಲ, ಪರಿಹಾರದಲ್ಲಿಯೂ ಇರುವುದಿಲ್ಲ. ಇನ್ನೊಂದು ಕೆಲಸಕ್ಕೆ ಹೆಚ್ಚು ದುಡ್ಡು ಬೇಡ: ಪ್ರತಿ ಊರಿನಲ್ಲೂ ಮಂಗ ಸತ್ತ ಸುದ್ದಿ ಬರೆಯುವ ಒಂದು ಪುಸ್ತಕ. ಯಾರು ಹೇಳಿದರು, ಯಾವತ್ತು ಹೇಳಿದರು, ಯಾವತ್ತು ಹೋಗಿ ನೋಡಲಾಯಿತು. ಫೋಟೋ ಇಲ್ಲದಿದ್ದರೂ, ಸರ್ವೆ ನಂಬರು ಇಲ್ಲದಿದ್ದರೂ ಬರೆಯಬೇಕು. ಹೇಳಿದವರಿಗೆ 'ನೋಡಿ ಬಂದೆವು, ಹೀಗಿತ್ತು' ಎಂಬ ಉತ್ತರ ವಾಪಸ್ ಬರಬೇಕು.

ನವೆಂಬರ್‌ನಿಂದ ಉಣುಗಿನ ಕಾಲ ಶುರುವಾಗುತ್ತದೆ. ಅದಕ್ಕೂ ಮೊದಲು ನಮ್ಮ ತಾಲ್ಲೂಕಿನಲ್ಲಿ ಒಂದು ಸಭೆ ಕರೆಯಿರಿ. ನೀವು ಕಂಡುಕೊಂಡದ್ದನ್ನು ಹೇಳಿ, ಅವರು ಕಂಡದ್ದನ್ನು ಕೇಳಿ. ನಾನು ಆ ಹೆಂಗಸಿಗೆ ಈ ವಿಷಯ ಹೇಳಿದ್ದೇನೆ, ಬರುತ್ತೇನೆ ಎಂದಿದ್ದಾಳೆ. ಸಭೆಯನ್ನು ದಯವಿಟ್ಟು ಬೆಳಗ್ಗೆ ಹತ್ತರ ನಂತರ ಇಡಿ. ಅಷ್ಟು ಹೊತ್ತಿಗೆ ಆಕೆಯ ಕೊಟ್ಟಿಗೆ ಕೆಲಸ ಮುಗಿದಿರುತ್ತದೆ.

ಇತಿ ವಿಶ್ವಾಸಗಳೊಂದಿಗೆ,
ಸಾಗರ ತಾಲ್ಲೂಕಿನ ಒಬ್ಬ ನಿವೃತ್ತ ಶಿಕ್ಷಕ